ಮಲಗುವ ಮೂಲೆಗೆ ಎರಡು ಶೀಟು

ಆ ಮಳೆಗಾಲದಲ್ಲಿ ನಾನು ಹಸಿ ಬಾಣಂತಿ. ಕಬಿನಿ ಹಿನ್ನೀರಿನ ಪಕ್ಕದ ನಮ್ಮ ಹಾಡಿಯಲ್ಲಿ ಎಲ್ಲರದ್ದೂ ಮಣ್ಣಿನ ಗೋಡೆ, ಹುಲ್ಲಿನ ಸೂರು. ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದ. ಮನೆಯಲ್ಲಿ ನಾನು, ಮಗು, ಅತ್ತೆ. ಕೇರಳದ ಕಡೆಯಿಂದ ಗಾಳಿ ಬೀಸಿದರೆ ಹುಲ್ಲು ಹಾರಿ ನೀರು ನೇರ ಒಳಗೇ. ಗೊಬ್ಬರದ ಚೀಲ ಹೊದ್ದು, ಮಗುವನ್ನು ಎದೆಗೆ ಅವಚಿಕೊಂಡು, ನೆನೆಯದ ಜಾಗ ಹುಡುಕುತ್ತ ಮೂಲೆಯಿಂದ ಮೂಲೆಗೆ ಸರಿಯುತ್ತಿದ್ದೆ. ಮಗು ಅಳುವುದನ್ನೂ ಬಿಟ್ಟು ಬರೀ ಕೆಮ್ಮುತ್ತಿತ್ತು.

ಸರಗೂರಿನಿಂದ ಟ್ರ್ಯಾಕ್ಟರಿನಲ್ಲಿ ತಗಡಿನ ಶೀಟು ಬಂದವು. ಹಂಚಲು ಬಂದ ಸಾಹೇಬರು ಚೀಟಿ ಎತ್ತಿಸಿದರು. ಇದ್ದದ್ದು ನಾಲ್ಕು ಮನೆಗಾಗುವಷ್ಟು. ನಮ್ಮ ಚೀಟಿ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಮಳೆಯಲ್ಲೇ ಹೋಗಿ ಅವರ ಮುಂದೆ ನಿಂತೆ.

“ಮನೆಗೆ ಎರಡೆರಡು ಕೊಡಿ ಸ್ವಾಮಿ. ಮಲಗೋ ತಾವು ಮುಚ್ಚಿದ್ರೆ ಸಾಕು.”

“ಹಾಗೆಲ್ಲ ಆಗಲ್ಲಮ್ಮ. ಕೊಟ್ಟ ಮೇಲೆ ಒಂದು ಮನೆ ಪೂರ್ತಿ ಆಗ್ಬೇಕು. ಮುಂದಿನ ವರ್ಷ ನಿಮ್ಮದು ನೋಡೋಣ.”

“ಮುಂದಿನ ವರ್ಷಕ್ಕೆ ಈ ಕೂಸು ಇರ್ತದಾ?”

ಚೀಟಿ ಬಂದಿದ್ದ ಪಕ್ಕದ ಮನೆಯಾಕೆ ಮುಂದೆ ಬಂದಳು.

“ಅವಳು ಹೇಳ್ದಂಗೆ ಎಲ್ಲಾರ್ಗೂ ಹಂಚಿ. ಇಲ್ಲಾಂದ್ರೆ ನಂಗೂ ಬ್ಯಾಡ, ತಕ್ಕೊಂಡೋಗಿ.”

ಚೀಟಿ ಬಂದಿದ್ದ ಉಳಿದವರೂ ಹೂಂ ಅಂದರು, ಒಬ್ಬ ಗೊಣಗುತ್ತಲೇ. ಸಾಹೇಬರೂ ಒಪ್ಪಿದರು. ಸಂಜೆಯೊಳಗೆ ಹಾಡಿಯ ಪ್ರತಿ ಮನೆಯ ಒಂದು ಮೂಲೆಗೆ ಶೀಟು ಬಿತ್ತು. ಹಾರದಿರಲೆಂದು ಮೇಲೆ ಕಲ್ಲು ಹೇರಿದರು.

ನಮ್ಮಲ್ಲಿ ಒಣಗಿದ್ದು ಒಂದು ಚಾಪೆಯಷ್ಟು ಜಾಗ. ಅತ್ತೆಯನ್ನು ಕರೆದೆ.

“ನಾನು ಒಲೆ ತಾವು ಕುಂತ್ಕತೀನಿ ಕಣವ್ವ. ನೀನು ಕೂಸ್ನ ನೋಡ್ಕೊ” ಎಂದರು.

ಅಲ್ಲಿ ಸೋರುತ್ತಿತ್ತು, ಒಲೆಯೂ ಆರಿತ್ತು. ಎಷ್ಟು ಬೇಡಿದರೂ ಎದ್ದು ಬರಲಿಲ್ಲ. ಮಗುವಿನ ಕೆಮ್ಮು ಇಳಿಯಿತು, ಅತ್ತೆಗೆ ಜ್ವರ ಏರಿತು. ರಸ್ತೆ ನೀರಿನಡಿ ಹೋಗಿ ಬಸ್ಸು ನಿಂತಿತ್ತು. ನೆರೆಯವರು ಕಂಬಳಿಯಲ್ಲಿ ಜೋಲಿ ಕಟ್ಟಿ ಅತ್ತೆಯನ್ನು ಸರಗೂರಿನ ಆಸ್ಪತ್ರೆಗೆ ಹೊತ್ತು ಹೊರಟರು. ದಾರಿಯಲ್ಲೇ ಉಸಿರು ನಿಂತಿತು.

ಗಂಡ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವನು ಸೂರು ನೋಡಿ, “ಇನ್ನೊಂದು ಶೀಟು ಕೇಳ್ಬಾರ್ದಿತ್ತಾ?” ಅಂದ.

ಮರುವರ್ಷ ಸಾಹೇಬರು ಮಳೆಗೆ ಮುಂಚೆಯೇ ಬಂದರು. ಚೀಟಿ ಎತ್ತಿಸಲಿಲ್ಲ. ಮನೆಮನೆಗೆ ಹೊಕ್ಕು, ಎಲ್ಲಿ ಸೋರುತ್ತದೆ, ಎಷ್ಟು ಜನ ಮಲಗುತ್ತೀರಿ ಎಂದು ಕೇಳಿ ಹಂಚಿದರು. ತಂದದ್ದು ಹಿಂದಿನಷ್ಟೇ ಶೀಟು, ಆದರೆ ಆ ಮಳೆಗೆ ಹಾಡಿಯಲ್ಲಿ ಯಾರ ಹಾಸಿಗೆಯೂ ನೆನೆಯಲಿಲ್ಲ. ನಮ್ಮಲ್ಲಿ ಎಷ್ಟು ಜನ ಎಂದಾಗ ಮೂವರು ಅಂದೆ, ಗಂಡನನ್ನೂ ಸೇರಿಸಿ. ಆ ವರ್ಷ ಅವನು ಕೊಡಗಿಗೆ ಹೋಗಲಿಲ್ಲ.