ಯೋಸೇಫನ ವೇಷದ ದಾನಪ್ಪ

ನಮ್ಮ ಕನ್ನಡ ಕ್ರೈಸ್ತ ಸಭೆ ಮುಂಬಯಿಯ ಗೋರೆಗಾಂವ್‌ನ ಒಂದು ಶಾಲೆಯ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತದೆ. ಬೆಳಿಗ್ಗೆ ಅಲ್ಲಿ ಮರಾಠಿಯವರ ಆರಾಧನೆ. ಅವರು ಎದ್ದು ಹೋದ ಮೇಲೆ ನಮ್ಮದು. ಬರುವವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದ ಜನ. ನನ್ನಂಥ ಧಾರವಾಡದ ನೌಕರದಾರರು ಕೆಲವರಿದ್ದೇವೆ. ಕ್ರಿಸ್‌ಮಸ್ ನಾಟಕ ಮಾಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಯೇಸು ಹುಟ್ಟಿದ ಕಥೆಯನ್ನೇ ಪ್ರತಿವರ್ಷ ಆಡುತ್ತೇವೆ, ಅದರಲ್ಲಿ ಮರಿಯಳ ಗಂಡ ಯೋಸೇಫನ ವೇಷ ದಾನಪ್ಪನದು.

ವೇಷ ಅವನಿಗೆ ಬಂದದ್ದು ಎತ್ತರದಿಂದ ಮತ್ತು ಗಡ್ಡದಿಂದ. ಸಿಂದಗಿ ಕಡೆಯವನು, ಅಜ್ಜನ ಕಾಲದಿಂದ ಅವರ ಮನೆಯವರು ಕ್ರೈಸ್ತರು. ಹೊಸ ಹೆಂಡತಿ ನಾಗವ್ವನನ್ನು ಕರೆದುಕೊಂಡು ಮುಂಬಯಿಗೆ ಬಂದು ದಹಿಸರ್‌ನ ಒಂದು ಚಾಳಿನಲ್ಲಿ ಖೋಲಿ ಹಿಡಿದ. ಬಿಲ್ಡಿಂಗುಗಳಲ್ಲಿ ನೆಲಕ್ಕೆ ಲಾದಿ, ಅಂದರೆ ಟೈಲ್ಸು, ಕೂಡಿಸುವುದು ಅವನ ಕೆಲಸ. ದಿನವಿಡೀ ಕುಕ್ಕರಗಾಲಲ್ಲಿ ಕೂತು ಮೊಣಕಾಲು ಸವೆದು ಹೋಗಿದ್ದವು. ನಾಟಕದಲ್ಲಿ ಕೂಸನ್ನು ಮಲಗಿಸಿದ ಗೋದಲಿಯ ಮುಂದೆ ಮೊಣಕಾಲೂರಿದವನು ಏಳುವಾಗ ಮರಿಯಳ ವೇಷದ ಹುಡುಗಿಯೇ ಕೈ ಹಿಡಿದು ಎಬ್ಬಿಸಬೇಕಿತ್ತು. ನಾಗವ್ವ ನಾಲ್ಕು ಮನೆಗಳ ಅಡಿಗೆ ಮಾಡುತ್ತಿದ್ದಳು. ಒಂದು ಗಂಡುಕೂಸು ಹುಟ್ಟಿದ ದಿನವೇ ತೀರಿಹೋಗಿತ್ತು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಮೊದಲ ವರ್ಷ ತಾಲೀಮಿಗೆ ಬಂದಾಗ ಅವನು ಕೇಳಿದ್ದ. "ಅಕ್ಕಾರ, ನನ್ನ ಮಾತು ಎಲ್ಲಿ ಅದಾವ್ರಿ?"

"ಯೋಸೇಫಗ ಮಾತಿಲ್ಲ ದಾನಪ್ಪ. ದೇವದೂತ ಬಂದು ಹೇಳ್ತಾನ, ಇವ ಎದ್ದು ಹಂಗಾ ಮಾಡ್ತಾನ. ಅಷ್ಟ."

"ಚೊಲೊ ಆತು ಬಿಡ್ರಿ. ನನಗ ಬಾಯಿಪಾಠ ಬರೂದಿಲ್ಲ," ಎಂದು ನಕ್ಕಿದ್ದ.

ಅವನ ಕೈಕೆಳಗೆ ಯಲ್ಲಾಲಿಂಗ ಅಂತ ಯಾದಗಿರಿ ಕಡೆಯ ಯುವಕನೊಬ್ಬ ಸಿಮೆಂಟು ಕಲಸಿಕೊಡುತ್ತಿದ್ದ. ಅವನ ಹೆಂಡತಿ ಶಿವಕುಮಾರಿ ಹೆಣ್ಣುಮಗು ಹಡೆದ ಮೇಲೆ ಜ್ವರ ಹಿಡಿದು ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆ ಯಲ್ಲಾಲಿಂಗ ಕೂಸನ್ನು ತಂದು ನಾಗವ್ವನ ಮಡಿಲಲ್ಲಿ ಹಾಕಿದ. "ವೈನಿ, ಸ್ವಲ್ಪ ದಿನ ಇಟ್ಕೊಳ್ರಿ. ಇದರ ಮಾರಿ ನೋಡಿದ್ರ ಅಕೀನ ಕಂಡಂಗ ಆಗತೈತಿ, ನನಗ ತಡಕೊಳ್ಳಾಕ ಆಗೂದಿಲ್ಲ," ಎಂದ. ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಹೈದರಾಬಾದಿಗೆ ಹೋದನೆಂದು ಒಬ್ಬರು, ಸೂರತ್‌ಗೆ ಹೋದನೆಂದು ಇನ್ನೊಬ್ಬರು ಹೇಳಿದರು. ಫೋನು ಹತ್ತಲಿಲ್ಲ.

ಕೂಸಿಗೆ ಶೀತಲ ಎಂದು ಹೆಸರಿಟ್ಟವರು ದಾನಪ್ಪ, ನಾಗವ್ವ ಇಬ್ಬರೇ. ಆ ವರ್ಷದ ನಾಟಕದಲ್ಲಿ ಗೋದಲಿಯೊಳಗೆ ಗೊಂಬೆಯ ಬದಲು ಅವಳೇ ಮಲಗಿದ್ದಳು, ದೇವದೂತರ ಹಾಡಿನ ನಡುವೆ ಜೋರಾಗಿ ಅತ್ತು ಎಲ್ಲರನ್ನೂ ನಗಿಸಿದಳು. ಬೆಳೆಯುತ್ತ ಹೋದಳು. ಚಾಳಿನ ಮಕ್ಕಳ ಜತೆ ಹಿಂದಿ, ಬಾಲವಾಡಿಯಲ್ಲಿ ಮರಾಠಿ. ಕನ್ನಡ ಅರ್ಥವಾಗುತ್ತಿತ್ತು, ಆಡುವುದು ಮಾತ್ರ ಹಿಂದಿಯಲ್ಲೇ. ದಾನಪ್ಪನನ್ನು 'ಅಪ್ಪಾ' ಅನ್ನುತ್ತಿದ್ದಳು. ಕೆಲಸದಿಂದ ಬಂದವನ ಮೊಣಕಾಲಿನ ಮೇಲೆ ಹತ್ತಿ ನಿಂತು ತುಳಿಯುವಳು. ಅದರಿಂದ ನೋವು ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಅವನೂ ಹೌದೆನ್ನುತ್ತಿದ್ದ.

ಅವಳನ್ನು ದೊಡ್ಡ ಶಾಲೆಗೆ ಹಾಕುವ ಮಾತು ನಡೆದಿದ್ದ ವರ್ಷ, ನವೆಂಬರಿನಲ್ಲಿ, ಯಲ್ಲಾಲಿಂಗನ ಫೋನು ಬಂತು. ಅವನು ಊರಿಗೆ ಮರಳಿದ್ದ. ಮತ್ತೆ ಮದುವೆಯಾಗಿತ್ತು. "ಅಣ್ಣಾ, ನಿಮ್ಮ ಉಪಕಾರ ಏಳು ಜನ್ಮಕ್ಕೂ ತೀರೂದಲ್ಲ. ಮಗಳನ್ನ ಕರಕೊಂಡು ಹೋಗಾಕ ಬರತೀನಿ," ಎಂದ. ನಾಗವ್ವ ಹೇಳಿದಳು, ಅವತ್ತು ದಾನಪ್ಪ ಊಟಕ್ಕೆ ಕೂರಲೇ ಇಲ್ಲ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟನಂತೆ.

ಯಲ್ಲಾಲಿಂಗ ಬರುವ ದಿನ ಬೆಳಿಗ್ಗೆ ದಾನಪ್ಪ ಶೀತಲಳನ್ನು ಬಾಲವಾಡಿಗೆ ಬಿಟ್ಟು ಬರುತ್ತೇನೆಂದು ಹೊರಟವನು ತಿರುಗಿ ಬರಲಿಲ್ಲ. ಮಧ್ಯಾಹ್ನ ನಾಗವ್ವ ನನ್ನ ಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಕೂಸಿನ ಅರಿಬಿ ಚೀಲ ಇಲ್ರಿ. ಇವರ ಫೋನ್ ಬಂದ್ ಐತಿ. ಯಲ್ಲಾಲಿಂಗ ಬಂದು ಹೊಸ್ತಿಲದಾಗ ಕುಂತಾನ. ಚಾ ಕೊಟ್ಟು ಬಂದೀನಿ. ಏನ್ ಹೇಳ್ಲಿ ಅವಗ?"

ಎಲ್ಲಿ ಹೋಗಿರಬಹುದೆಂದು ಇಬ್ಬರೂ ಯೋಚಿಸಿದೆವು. ಸಾಂತಾಕ್ರೂಜ್‌ನ ಒಂದು ಸೊಸೈಟಿಯಲ್ಲಿ ಅವರ ಊರಿನ ಖಂಡಪ್ಪ ವಾಚಮನ್ ಆಗಿದ್ದ. ಲೋಕಲ್ ಹಿಡಿದು ಅಲ್ಲಿಗೆ ಹೋದೆವು. ನಮ್ಮನ್ನು ಕಂಡವನೇ ಖಂಡಪ್ಪ ಏನೂ ಕೇಳದೆ ಪಂಪಿನ ಮಗ್ಗುಲ ಸಣ್ಣ ಕೋಣೆಯ ಕಡೆ ಕೈ ತೋರಿಸಿದ.

ಶೀತಲ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ದಾನಪ್ಪ ಪಕ್ಕದಲ್ಲಿ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದ. ಸಂಜೆಯ ಗಾಡಿಗೆ ಸೂರತ್‌ಗೆ ಹೋಗುವುದೆಂದು, ಅಲ್ಲಿಯೂ ಲಾದಿ ಕೆಲಸ ಸಿಗುತ್ತದೆಂದು, ನಾಗವ್ವನನ್ನು ಆಮೇಲೆ ಕರೆಸಿಕೊಳ್ಳುವುದೆಂದು ನಿರ್ಧರಿಸಿದ್ದ. ನನ್ನನ್ನು ನೋಡಿ, ನಾನು ಬಯ್ಯುವ ಮೊದಲೇ ಶುರುಮಾಡಿದ.

"ಅಕ್ಕಾರ, ನೀವಾ ಹೇಳ್ರಿ. ಯೋಸೇಫ ಕೂಸಿನ್ನ ಎತ್ಕೊಂಡು ಐಗುಪ್ತ ದೇಶಕ್ಕ ಓಡಿ ಹೋಗಲಿಲ್ಲೇನು? ಅದು ಅವ ಹುಟ್ಟಿಸಿದ ಕೂಸಲ್ಲ. ಆದ್ರೂ ಓಡಿದ. ನಾನೂ ಅದನ್ನ ಮಾಡಾಕತ್ತೀನಿ. ಇದರಾಗ ತಪ್ಪೇನೈತಿ?"

ನಾನು ಅವನಿಗೆ ಅದೆಷ್ಟೋ ಸಲ ಆ ಕಥೆ ಹೇಳಿಕೊಟ್ಟವಳು. ನಾಗವ್ವ ಮಗುವಿನ ಕಾಲ ಹತ್ತಿರ ಕೂತಳು.

"ಯೋಸೇಫಗ ದೇವದೂತ ಬಂದು, ಏಳು, ಹೋಗು ಅಂತ ಹೇಳಿದ್ದನ್ರಿ," ಎಂದಳು ಮೆಲ್ಲಗೆ. "ನಿಮಗ ಯಾರು ಬಂದು ಹೇಳ್ಯಾರ?"

ದಾನಪ್ಪ ಗಾಳಿ ಹಾಕುವುದನ್ನು ನಿಲ್ಲಿಸಿದ.

"ಅಲ್ಲಿ ಕೂಸಿನ್ನ ಕೊಲ್ಲಾಕ ಒಬ್ಬ ರಾಜ ನಿಂತಿದ್ದ. ಇಲ್ಲಿ ಬಂದಾವ ಅಕಿ ಅಪ್ಪ. ಹೊಸಾ ಫ್ರಾಕು ತೊಡಿ ಮ್ಯಾಲ ಇಟ್ಕೊಂಡು ಕುಂತಾನ. ಅಳತಿ ಗೊತ್ತಿಲ್ಲ ಅವಗ, ಸಣ್ಣದಾಗೈತಿ," ಎಂದಳು ನಾಗವ್ವ.

"ನಿನಗ ಬ್ಯಾಡಾಗ್ಯಾಳೇನ ಇಕಿ?" ದಾನಪ್ಪ ಹಲ್ಲು ಕಚ್ಚಿ ಕೇಳಿದ.

ನಾಗವ್ವ ಅವನ ಎದೆಗೆ ಎರಡೂ ಕೈಯಿಂದ ಹೊಡೆದಳು. ಗಂಡನ ಎದುರು ದನಿ ಎತ್ತಿದವಳಲ್ಲ. "ಬ್ಯಾಡಾಗ್ಯಾಳಂತ! ಕೂಸಿನ್ನ ಮುಚ್ಚಿಡಬೇಕು ಅಂತ ನನಗೂ ಅನಸೈತಿ, ನಿನ್ನೆ ಇಡೀ ದಿನ ಅದನ್ನ ನೆನಸೀನಿ. ಆದ್ರ ನಮ್ಮ ಆಸೆಗೆ ದೇವರ ಹೆಸರು ಹಚ್ಚಬ್ಯಾಡ್ರಿ. ಮರಿಯಳು ಕೂಸಿನ್ನ ಗುಡಿಗೆ ಎತ್ಕೊಂಡು ಹೋದಾಗ ಗುಡಿಯಾಗಿದ್ದ ಆ ಮುದುಕ ಏನಂದ? ಈ ಕೂಸಿನ ಸಲುವಾಗಿ ನಿನ್ನ ಎದಿಯೊಳಗ ಕತ್ತಿ ಹಾದು ಹೋಗತೈತಿ ಅಂದ. ಆಕಿ ಕೂಸಿನ್ನ ಬಚ್ಚಿಟ್ಟುಕೊಂಡು ಓಡಿದ್ಲೇನು? ಕೇಳಿಕೊಂಡು ಸುಮ್ಮನ ಮನಿಗೆ ಬಂದ್ಲು."

ದಾನಪ್ಪ ತಲೆ ತಗ್ಗಿಸಿದ. ಗಡ್ಡದೊಳಗೆ ಕಣ್ಣೀರಿಳಿಯಿತು. "ಯಾರೂ ಹೇಳಿಲ್ಲ," ಎಂದ. "ನನಗ ಯಾರೂ ಬಂದು ಹೇಳಿಲ್ಲ ನಾಗವ್ವ." ಆಮೇಲೆ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದ.

ನಾವು ದಹಿಸರ್ ಮುಟ್ಟಿದಾಗ ಯಲ್ಲಾಲಿಂಗ ಇನ್ನೂ ಹೊಸ್ತಿಲಲ್ಲೇ ಕೂತಿದ್ದ. ಎದ್ದು ದಾನಪ್ಪನ ಕಾಲಿಗೆ ಬಿದ್ದ. ದಾನಪ್ಪ ಅವನನ್ನು ಎಬ್ಬಿಸಲಿಲ್ಲ, ಕಾಲು ಹಿಂದೆಗೆಯಲೂ ಇಲ್ಲ. "ಒಳಗ ಬಾ, ಉಣ್ಣು," ಎಂದ.

ಒಂದು ವಾರ ಯಲ್ಲಾಲಿಂಗನನ್ನು ಅಲ್ಲೇ ಇರಿಸಿಕೊಂಡರು. ಹುಡುಗಿಗೆ ಅವನ ಗುರುತು ಹತ್ತಲೆಂದು ನಾಗವ್ವ ಅವನ ಕೈಯಿಂದಲೇ ತುತ್ತು ಹಾಕಿಸುತ್ತಿದ್ದಳು. ಅವನು ಕೆಟ್ಟವನಲ್ಲ. ಹೆಂಡತಿ ಸತ್ತ ಮೇಲೆ ಕುಡಿತಕ್ಕೆ ಬಿದ್ದು ಹಾಳಾಗಿ, ಹೇಗೋ ಎದ್ದು ನಿಂತವನು. ಶೀತಲ ಅವನಿಗೆ 'ಅಂಕಲ್' ಅನ್ನುತ್ತಿದ್ದಳು. ಪ್ರತಿ ಸಲ ಕೇಳಿದಾಗಲೂ ಅವನು ಮುಖ ಆಚೆ ತಿರುಗಿಸುತ್ತಿದ್ದ.

ದಾದರ್ ಸ್ಟೇಶನ್ನಿಗೆ ಕಳಿಸಲು ನಾನೂ ಹೋಗಿದ್ದೆ. ಎಲ್ಲರೂ ಕೂಡಿ ಊರಿಗೆ ಹೋಗುತ್ತೇವೆಂದು ಹುಡುಗಿ ತಿಳಿದಿದ್ದಳು. ಯಲ್ಲಾಲಿಂಗ ಹತ್ತಿರ ಬಂದು, "ಅಣ್ಣಾ, ನಮ್ಮ ಕೂಡ ಗಾಡಿ ಹತ್ತಿ, ಬಿಸ್ಕೀಟು ತರತೀನಿ ಅಂತ ಇಳಿದುಬಿಡ್ರಿ. ಗಾಡಿ ಬಿಟ್ಟ ಮ್ಯಾಲ ನಾನು ಸಮಾಧಾನ ಮಾಡತೀನಿ," ಎಂದ.

"ಸುಳ್ಳು ಹೇಳಿ ಕಳಸೂದಿಲ್ಲ," ಎಂದ ದಾನಪ್ಪ. ಪ್ಲಾಟಫಾರ್ಮಿನ ಮೇಲೆ ಮೊಣಕಾಲೂರಿ ಕೂತು, ಅವಳ ಎರಡೂ ಕೈ ಹಿಡಿದ. "ಶೀತಲಾ, ಇವ ನಿನ್ನ ಅಪ್ಪ. ಖರೇ ಅಪ್ಪ. ನೀ ಇವನ ಕೂಡ ಹೋಗಬೇಕು. ನಾವು ಬರೂದಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು, ಆಟವಾಡಿಸುತ್ತಿದ್ದಾನೆಂದು ನಕ್ಕಳು. ಆಮೇಲೆ ಅರ್ಥವಾಯಿತು. "ನಹೀ ಅಪ್ಪಾ, ಘರ್ ಚಲೋ," ಎಂದು ಮನೆಗೆ ಕರೆಯುತ್ತ ಅವನ ಗಡ್ಡ ಹಿಡಿದುಕೊಂಡಳು. ಬೆರಳುಗಳನ್ನು ಬಿಡಿಸಿದವಳು ನಾಗವ್ವ. ಯಲ್ಲಾಲಿಂಗ ಅಳುತ್ತಿದ್ದವಳನ್ನು ಎತ್ತಿಕೊಂಡು ಗಾಡಿ ಹತ್ತಿದ. ಗಾಡಿ ಹೊರಟ ಮೇಲೂ ಆ ಅಳು ಕೇಳಿಸುತ್ತಿತ್ತೋ, ನಮಗೇ ಹಾಗನಿಸುತ್ತಿತ್ತೋ ಗೊತ್ತಿಲ್ಲ. ದಾನಪ್ಪನಿಗೆ ಏಳಲಾಗಲಿಲ್ಲ. ಒಬ್ಬ ಹಮಾಲ ಮತ್ತು ನಾನು ಕೂಡಿ ಎಬ್ಬಿಸಿದೆವು.

ಆ ವರ್ಷ ನಾಟಕಕ್ಕೆ ಬೇರೆಯವರನ್ನು ನೋಡುತ್ತೇನೆಂದೆ. "ಬ್ಯಾಡ್ರಿ, ಬರತೀನಿ," ಎಂದ. ಗೋದಲಿಯಲ್ಲಿ ಗೊಂಬೆಯಿತ್ತು. ಕುರುಬರು ಬಂದು ಹೋದರು, ಜ್ಞಾನಿಗಳು ಬಂದರು. ಅವನು ಗೊಂಬೆಯ ಕಡೆ ಒಮ್ಮೆಯೂ ನೋಡಲಿಲ್ಲ. ಎಲ್ಲ ಮುಗಿದು ಜನ ಕೇಕು ತಿನ್ನುತ್ತಿದ್ದಾಗ ನಿಲುವಂಗಿ ಮಡಚಿ ಕೊಡುತ್ತ ಹೇಳಿದ:

"ಅಕ್ಕಾರ, ಕೂಸಿನ್ನ ತಗೋ ಅಂದಾಗ ತಗೊಳ್ಳೂದು ಸಸಾರ ಇತ್ತು. ಅವಾಗ ನಮಗೂ ಕೂಸು ಬೇಕಾಗಿತ್ತಲ್ಲ. ದೇವರ ಮಾತು ಕೇಳಿದೆ ಅಂತ ನಾನು ಇಷ್ಟು ವರ್ಷ ದೊಡ್ಡಸ್ತಿಕಿ ಮಾಡಿಕೊಂಡಿದ್ದೆ. ನನಗ ಬೇಕಾದ್ದನ್ನ ನಾನು ಮಾಡಿದ್ದೆ, ಅಷ್ಟ. ದೇವರ ಮಾತು ಕೇಳೂದು ಅಂದ್ರ ಏನಂತ ದಾದರದಾಗ ಗೊತ್ತಾತು."

ಇದರಿಂದ ಅವನ ಮನಸ್ಸು ಹಗುರವಾಯಿತೆಂದು ನಾನು ಹೇಳಲಾರೆ. ಹೊಸ ವರ್ಷದ ನಂತರ ಅವನು ಸಭೆಗೆ ಬರುವುದನ್ನೇ ಬಿಟ್ಟ. ನಾಗವ್ವ ಒಬ್ಬಳೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದಳು. ಪಾಸ್ಟರ್ ಮನೆಗೆ ಹೋದಾಗ ದಾನಪ್ಪ, "ನನಗ ದೇವರ ಮ್ಯಾಲ ಸಿಟ್ಟಿಲ್ರಿ. ಪ್ರಾರ್ಥನಿ ಮಾಡಾಕ ಬಾಯಾಗಿಂದ ಮಾತು ಹೊಂಡವಲ್ಲವು," ಅಂದನಂತೆ.

ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಶೀತಲ ಅಳುತ್ತಿದ್ದಳು, ಆಮೇಲೆ ಅಳು ನಿಂತಿತು, ಆಮೇಲೆ ಫೋನಿಗೆ ಬರದೆ ಆಟಕ್ಕೆ ಓಡುತ್ತಿದ್ದಳು. ಬೇಸಿಗೆಯಲ್ಲಿ ದಾನಪ್ಪ ಅವಳನ್ನು ನೋಡಲು ಯಲ್ಲಾಲಿಂಗನ ಊರಿಗೆ ಹೋದ. ನಾಗವ್ವ ಹೋಗಲಿಲ್ಲ; ನೋಡಿದರೆ ಬಿಟ್ಟು ಬರಲಾಗದೆಂದು ಹೆದರಿದಳು.

ಹುಡುಗಿ ಎತ್ತರವಾಗಿದ್ದಳಂತೆ. ಎರಡು ಜಡೆ. ಯಲ್ಲಾಲಿಂಗನ ಹೊಸ ಹೆಂಡತಿಯ ಸೆರಗಿನ ಹಿಂದೆ ನಿಂತು ನೋಡಿದಳು. ಮಾತೆಲ್ಲ ಈಗ ಅಲ್ಲಿನ ಕನ್ನಡ, ಹಿಂದಿ ಬಾಯಿಗೆ ಬರುತ್ತಿರಲಿಲ್ಲ. ಚಿಕ್ಕಮ್ಮ ಹೇಳಿದ ಮೇಲೆ ತಂಬಿಗೆಯಲ್ಲಿ ನೀರು ತಂದು, "ಕಾಕಾ, ನೀರು ತಗೋರಿ," ಎಂದಳು. ದಾನಪ್ಪ ಕುಡಿದ. ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟುಬಿಟ್ಟ.

ಮನೆಗೆ ಬಂದಾಗ ನಾಗವ್ವ ಕೇಳಿದಳು, "ಹೆಂಗದಾಳ್ರಿ?"

"ಚೊಲೊ ಅದಾಳ. ಚಿಕ್ಕವ್ವ ಚೊಲೊ ನೋಡ್ಕೋತಾಳ."

"ನನ್ನ ಕೇಳಿದ್ಲೇನು?"

ದಾನಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. "ಇಲ್ಲ," ಎಂದ.

ನಾಗವ್ವ ಅವನಿಗೆ ಕೈಕಾಲು ತೊಳೆಯಲು ಬಿಸಿನೀರು ಇಟ್ಟಳು. ಇದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. "ಮರತಾಳಲ್ರಿ ಅಕ್ಕಾರ, ಅಷ್ಟು ಚೊಲೊ ಆತು. ನೆನಸಿಕೊಂಡು ಅಳಾಕತ್ತಿದ್ರ ನಾ ಏನ್ ಮಾಡತಿದ್ದೆ?" ಎಂದಳು.

ಅದಾದ ಮೇಲೆ ದಾನಪ್ಪ ಮತ್ತೆ ಸಭೆಗೆ ಬರತೊಡಗಿದ. ನಮ್ಮಲ್ಲಿ ಕೊನೆಗೆ ಒಬ್ಬೊಬ್ಬರೂ ಎದ್ದು ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೇಳುವ ರೂಢಿಯಿದೆ. ಮೊದಲೆಲ್ಲ ಅವನು ಏಳುತ್ತಿರಲಿಲ್ಲ. ಈಗ ಪ್ರತಿ ಭಾನುವಾರ ಬೆಂಚು ಹಿಡಿದುಕೊಂಡು ಎದ್ದು ನಿಲ್ಲುತ್ತಾನೆ. ಯಲ್ಲಾಲಿಂಗನ ಹೆಸರು ಹೇಳುತ್ತಾನೆ, ಅವನ ಹೆಂಡತಿಯ ಹೆಸರು ಹೇಳುತ್ತಾನೆ, ಅವರಿಗೆ ಹುಟ್ಟಿದ ಗಂಡುಕೂಸಿನ ಹೆಸರು ಹೇಳುತ್ತಾನೆ. ಶೀತಲಳ ಹೆಸರು ಬರುವಾಗ ದನಿ ನಿಲ್ಲುತ್ತದೆ. ನಾವು ಯಾರೂ ಹೇಳಿಕೊಡುವುದಿಲ್ಲ, ಕಾಯುತ್ತೇವೆ. ಕೆಲವು ವಾರ ಆ ಹೆಸರು ಹೊರಡುತ್ತದೆ, ಕೆಲವು ವಾರ ಇಲ್ಲ.