ಅಕ್ಕನ ಫೋನಿನ ಪಟ್ಟಿ

ರತ್ನಕ್ಕ, ಅವ್ವನಿಗೆ ಹೇಳಿದವನು ನಾನೇ. ನಿನ್ನ ಗುಟ್ಟು ಗೊತ್ತಿದ್ದ ಜೊತೆಯ ಟೀಚರಲ್ಲ — ಆ ಪಾಪದವಳ ಜೊತೆ ನೀನು ಸುಮ್ಮನೆ ಮಾತು ಬಿಟ್ಟೆ — ನಾನು, ನಿನ್ನ ಒಡಹುಟ್ಟಿದ ತಮ್ಮ.

ಭಾವ ತೀರಿಕೊಂಡು ನೀನು ನಮ್ಮ ಮನೆಗೆ ಮರಳಿದ ಎರಡನೇ ವರ್ಷ. ನಾಗಮಂಗಲದ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ನೀನು ಫೋನು ಮುಂದಿಟ್ಟೆ. "ನಾನೇನ್ ನೋಡ್ತೀನಿ ಅಂತ ಯಾರ್ಗೂ ಗೊತ್ತಾಗ್ದಂಗೆ ಮಾಡ್ಕೊಡ್ಲಾ. ನಿಂಗೂ ಕಾಣ್ಬಾರ್ದು!" ಎಂದು ನಕ್ಕಿದ್ದು ನೆನಪಿದೆಯಾ?

ಫೋನು ಯಾವ ವೆಬ್‌ಸೈಟಿಗೆ ಹೋಗಬೇಕಾದರೂ ಮೊದಲು ಡಿಎನ್‌ಎಸ್ ಎಂಬುದರ ಬಳಿ ದಾರಿ ಕೇಳುತ್ತದೆ. ದಾರಿ ಹೇಳಿದವನಿಗೆ ನೀನು ಯಾರ ಮನೆಗೆ ಹೊರಟೆ ಎಂಬುದು ಗೊತ್ತಾಗಿಯೇ ಆಗುತ್ತದೆ. ಕೇಳಿದ್ದನ್ನು ಎಲ್ಲೂ ಬರೆದಿಡದ ಸೇವೆಗಳಿವೆ; ಗಿರಾಕಿಗಳಿಗೆಲ್ಲ ಅಂಥದ್ದನ್ನೇ ಹಾಕಿಕೊಡುತ್ತಿದ್ದೆ. ನಿನಗೆ ಮಾತ್ರ — ಥೂ, ಬರೆಯಲೂ ಕೈ ಬರುತ್ತಿಲ್ಲ — ನನ್ನ ಹೆಸರಿನಲ್ಲಿ ಖಾತೆ ತೆರೆದು, ನಿನ್ನ ಫೋನು ದಾರಿ ಕೇಳಿದ ಹೆಸರುಗಳ ಪಟ್ಟಿಯೆಲ್ಲ ನನಗೆ ಕಾಣುವಂಥದ್ದನ್ನು ಹಾಕಿದೆ. ಇವಳಿಗೇಕೆ ಗುಟ್ಟು ಎಂಬ ಅನುಮಾನ, ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯಿತು. "ಇನ್ ಯಾವನ್ಗೂ ಕಾಣಕಿಲ್ಲ ಬುಡಕ್ಕ" ಎಂದೆ. ಆ ಖುಷಿಗೆ ನೀನು ಮಸಾಲೆ ದೋಸೆ ಕೊಡಿಸಿದೆ. ಅದನ್ನೂ ತಿಂದೆ.

ಹತ್ತೇ ದಿನ. ಪಟ್ಟಿಯಲ್ಲಿ ಮದುವೆ ಸಂಬಂಧ ಹುಡುಕುವ ವೆಬ್‌ಸೈಟಿನ ಹೆಸರು ದಿನವೂ ಬಂತು. ಹೆಸರು ಮಾತ್ರ; ಒಳಗೆ ನೀನೇನು ಮಾಡಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದು ಗೊತ್ತಿದ್ದೂ ಅವ್ವನ ಕಿವಿಗೆ ಹಾಕಿದೆ.

ಶಾಲೆಯಿಂದ ನೀನು ಬರುವಷ್ಟರಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಗಂಡ ಸತ್ತು ಎರ್ಡು ವರ್ಸ ಆಗಿಲ್ಲ, ಇನ್ನೊಬ್ಬನ್ನ ಉಡುಕ್ತಾವ್ಳೆ! ಮದ್ವೆಯಾಗ್ದಿರೋ ತಮ್ಮ ಮನೇಲವ್ನೆ, ನಾಚ್ಕೆ ಆಗಕಿಲ್ವಾ?"

ನೀನು ನನ್ನ ಮುಖ ನೋಡಿದೆ. ನಾನು ಎಮ್ಮೆಗೆ ಹುಲ್ಲು ಹಾಕುವ ನೆಪದಲ್ಲಿ ಹಿತ್ತಲಿಗೆ ಜಾರಿದೆ. ನೀನು ಬಟ್ಟೆ ತುಂಬಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿಬಿಟ್ಟೆ, ಅಲ್ಲೇ ಬಾಡಿಗೆ ಮನೆ ಹಿಡಿದೆ.

ಮೂರು ವಾರದ ಮೇಲೆ ಹೊಸಹೊಳಲಿನಿಂದ ಯಾರೋ ಹೆಣ್ಣಿನ ಅಪ್ಪ ನನಗೆ ಫೋನು ಮಾಡಿದರು. "ನಿಮ್ಮಕ್ಕ ನಿಮ್ ಫೋಟೋ ಕಳ್ಸವ್ರೆ. ಬೇಸಾಯದ ಮನೆ, ಆದ್ರೂ ಉಡ್ಗ ಚಿನ್ನ ಅಂತ ಬರ್ದವ್ರೆ." ಅಂಗಡಿಯಿದ್ದರೂ ಬೇಸಾಯದ ಮನೆಯವನೆಂದು ಎಷ್ಟೋ ಮನೆಗಳಲ್ಲಿ ಬೇಡವೆನಿಸಿಕೊಂಡು, ಇನ್ನು ನನಗೆ ಹೆಣ್ಣು ಹುಡುಕಿದರೆ ಮನೆ ಬಿಡುತ್ತೇನೆಂದು ಕೂಗಾಡಿದ್ದವನು ನಾನು. ಅದಕ್ಕೇ ನನಗೂ ತಿಳಿಯದಂತೆ — ನನಗೋಸ್ಕರ —

ಆ ಹುಡುಗಿಯೇ ಈಗ ನನ್ನ ಹೆಂಡತಿ. ಅವ್ವ ಹೋಗಿ ಎಷ್ಟು ಕರೆದರೂ ನೀನು ಮನೆಗೆ ಬರಲಿಲ್ಲ, ನನ್ನ ಧಾರೆಗೆ ಮಾತ್ರ ಬಂದೆ. "ಅವ್ವಂಗೆ ಯಾರ್ಲಾ ಏಳಿದ್ದು?" ಎಂದು ನೀನು ಕೇಳಿದಾಗ ತಲೆಯ ಮೇಲಿನ ಪೇಟ ಸರಿಮಾಡಿಕೊಳ್ಳುತ್ತಾ "ಗೊತ್ತಿಲ್ಲ ಕಣಕ್ಕ" ಎಂದೆ.

ತಮ್ಮನಿಗೋಸ್ಕರ ನೋಡಿದ್ದಳು, ಪಾಪ ಎಂದು ಅವ್ವ ಈಗ ಅಳುತ್ತಾಳೆ. ನೀನು ನಿನಗೋಸ್ಕರವೇ ನೋಡಿದ್ದರೂ ಅದರಲ್ಲಿ ತಪ್ಪೇನಿತ್ತು? ಹಾಗೆಂದು ಅವ್ವನನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಆ ಖಾತೆ ಇವತ್ತಿಗೂ ಇದೆ, ಪಟ್ಟಿ ಬರುತ್ತಲೇ ಇದೆ. ಇಲ್ಲಿಂದಲೇ ಅಳಿಸಿದರೆ ನಿನಗೆ ನಿಜ ತಿಳಿಯುವುದೇ ಇಲ್ಲ — ಅದಕ್ಕೇ ಅಳಿಸಿಲ್ಲ. ಭಾನುವಾರ ಬರುತ್ತೇನೆ, ಅದನ್ನು ನಿನ್ನ ಮುಂದೆಯೇ ತೆರೆಯುತ್ತೇನೆ. ಏನನ್ನೂ ಬರೆದಿಡದ ಸೇವೆಯ ಹೆಸರನ್ನು ಚೀಟಿಯಲ್ಲಿ ತರುತ್ತೇನೆ, ನೀನೇ ಹಾಕಿಕೋ. ಫೋನು ಮಾತ್ರ ನನ್ನ ಕೈಗೆ ಕೊಡಬೇಡ.