ಬಿಸಿ ಗಾಜಿಗೆ ಒಣ ಪೂಜೆ

ನಿವೃತ್ತ ಮೇಷ್ಟ್ರನ್ನ ಹಳೇ ವಿದ್ಯಾರ್ಥಿನಿ ಪ್ರಯೋಗ ನೋಡಾಕ ಕರೆಯೋದಂದ್ರ ಸಣ್ಣ ಮಾತೇನ್ರಿ! ಕುಣಿಯುತ್ತಲೇ ವಿಜಯಪುರದ ಕಾಲೇಜಿಗೆ ಹೋದೆ. ಆ ವಿದ್ಯಾರ್ಥಿನಿ ಶಬಾನಾ, ಫುಲರೀನ್ ಎಂಬ ಇಂಗಾಲದ ಅಣುಚೆಂಡುಗಳ ನಡುವೆ ಪೊಟ್ಯಾಸಿಯಂ ಸೇರಿಸಿದ ಪುಡಿಯನ್ನು ಗಾಜಿನ ನಳಿಕೆಗೆ ತುಂಬಿ, ಆಗಷ್ಟೇ ಬೆಂಕಿಯಲ್ಲಿ ಬಾಯಿ ಬೆಸೆದಿದ್ದಳು. ಅತಿ ತಂಪಿನಲ್ಲಿ ಅದು ಅಯಸ್ಕಾಂತದ ಬಲವನ್ನೇ ಹೊರದಬ್ಬಬೇಕು. ಅವಳ ವರ್ಷದ ದುಡಿಮೆ.

ಅಷ್ಟರಲ್ಲಿ ಸಹಾಯಕಿ ಶಿವವ್ವ ನಳಿಕೆಯ ಪಕ್ಕದಲ್ಲೇ ಇದ್ದ, ತಂಪು ಮಾಡುವ ಹೊಸ ಯಂತ್ರದ ಪೂಜೆಗೆ ನೀರು ಚಿಮುಕಿಸಲು ತಂಬಿಗೆ ಎತ್ತಿದಳು. ಬಿಸಿ ಗಾಜು ಬಿರಿದು ನೀರು ಒಳಗಿನ ಪೊಟ್ಯಾಸಿಯಂಗೆ ತಾಗಿದರೆ ಬೆಂಕಿಯೇ!

"ಯವ್ವಾ, ನೀರು ಬ್ಯಾಡ!" ಶಬಾನಾ ಚೀರಿದಳು.

"ನೀರಿಲ್ಲದ ಪೂಜಿ ಎಲ್ಲೆರ ಐತೇನ್ ಬೇ?" ಎಂದು ಗೊಣಗುತ್ತ ಶಿವವ್ವ ಯಂತ್ರಕ್ಕೆ ಬರೀ ಕುಂಕುಮ ಹಚ್ಚಿದಳು.

ಸಂಜೆ ಪುಡಿ ಅಂದುಕೊಂಡಂತೆಯೇ ನಡೆದುಕೊಂಡಿತು. "ಒಣ ಪೂಜಿಗೇ ಇಷ್ಟು ಕೊಟ್ಟ ದೇವರು, ನೀರು ಹಾಕಿದ್ರ ಇನ್ನೇನು ಕೊಡತಿದ್ದನೋ!" ಎಂದಳು ಶಿವವ್ವ.

ಏನು ಕೊಡುತ್ತಿದ್ದನೆಂದು ನಾನೂ ಶಬಾನಾನೂ ಇವತ್ತಿಗೂ ಅವಳಿಗೆ ಹೇಳಿಲ್ಲ.